ಸದ್ದಿಗೆ ಸಿಗಬೇಕಾದ ಸರದಿ: ಲಿನಕ್ಸ್ ಗಣಕ, ಧ್ವನಿಮುದ್ರಣ ಮತ್ತು ರಿಯಲ್‌ಟೈಮ್ ಅನುಮತಿ

ಲಿನಕ್ಸ್ ಗಣಕದಲ್ಲಿ ಧ್ವನಿಮುದ್ರಣಕ್ಕೆ ತೊಡಗಿದವರು ಮೊದಲು ಎದುರಿಸುವ ತೊಂದರೆಗಳು ಬಹುಮಟ್ಟಿಗೆ ಒಂದೇ ಬಗೆಯವು. ಹಾಡಿನ ನಡುವೆ ಚಟ್ ಎಂದು ಸದ್ದು ಕತ್ತರಿಸುತ್ತದೆ, ಕೀಬೋರ್ಡಿನ ಕೀ ಒತ್ತಿ ಕೈ ತೆಗೆಯುವ ಹೊತ್ತಿಗೆ ಸ್ವರ ಕೇಳಿಸುತ್ತದೆ, ತೆರೆಯ ಮೂಲೆಯಲ್ಲಿ 'ಆಪರೇಷನ್ ನಾಟ್ ಪರ್ಮಿಟೆಡ್' ಎಂಬ ಸಾಲು ಮೂಡಿ ಮರೆಯಾಗುತ್ತದೆ. ಇದನ್ನು ಕಂಡವರು ಯಂತ್ರ ಹಳೆಯದಾಯಿತೆಂದು ತೀರ್ಮಾನಿಸಿ ಹೊಸದನ್ನು ಕೊಳ್ಳಲು ಹಣ ಹೊಂದಿಸತೊಡಗುತ್ತಾರೆ, ಇಲ್ಲವೇ ಲಿನಕ್ಸ್ ಧ್ವನಿಯ ಕೆಲಸಕ್ಕೆ ಆಗಿಬರುವುದಿಲ್ಲವೆಂದು ಕೈಬಿಡುತ್ತಾರೆ. ಆದರೆ ಆ ಹಳೆಯ ಗಣಕದಲ್ಲಿ ಬೇಕಾದಷ್ಟು ಶಕ್ತಿ ಇರುವುದೇ ಹೆಚ್ಚು. ಧ್ವನಿ ತಂತ್ರಾಂಶಕ್ಕೆ ಆ ಶಕ್ತಿಯನ್ನು ತಕ್ಕ ಗಳಿಗೆಯಲ್ಲಿ ಕೇಳಿ ಪಡೆಯುವ ಅನುಮತಿ ಮಾತ್ರ ಇರುವುದಿಲ್ಲ. ಆ ಅನುಮತಿ ಏನು, ಲಿನಕ್ಸ್‌ನ ತಿರುಳಾದ ಕರ್ನಲ್ ಅದನ್ನು ಏಕೆ ತಡೆದಿಟ್ಟಿದೆ, ಸರಿಯಾದ ಅಳತೆಯಲ್ಲಿ ಅದನ್ನು ಪಡೆಯುವ ಬಗೆ ಹೇಗೆ ಎಂಬುದನ್ನು ತಿಳಿದರೆ ಒಂದು ರೂಪಾಯಿಯ ಖರ್ಚಿಲ್ಲದೆ ತೊಂದರೆಯ ಬಹುಪಾಲು ನೀಗುತ್ತದೆ.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳಂಥ ಸೀಮೆಗೆ ಇದು ದೂರದ ವಿಷಯವಲ್ಲ. ಕೋಲಾರದ ತೇರಹಳ್ಳಿ ಬೆಟ್ಟದ ಮೇಲೆ ಕೋಟಿಗಾನಹಳ್ಳಿ ರಾಮಯ್ಯ ಮತ್ತು ಸಂಗಾತಿಗಳು ಕಟ್ಟಿದ ಆದಿಮ ಸಾಂಸ್ಕೃತಿಕ ಕೇಂದ್ರವು 'ಹುಣ್ಣಿಮೆ ಹಾಡು' ಕಾರ್ಯಕ್ರಮದ ಮೂಲಕ ತಮಟೆಗೂ ಜನಪದ ಹಾಡಿಗೂ ವೇದಿಕೆಯಾಗಿದೆ. 2007ರವರೆಗೆ ಕೋಲಾರ ಜಿಲ್ಲೆಯದೇ ಭಾಗವಾಗಿದ್ದ ಶಿಡ್ಲಘಟ್ಟ ಸೀಮೆಯ ಪಿಂಡಿಪಾಪನಹಳ್ಳಿಯ ತಮಟೆ ಕಲಾವಿದ ಮುನಿವೆಂಕಟಪ್ಪ ಅವರಿಗೆ 2023ರಲ್ಲಿ ಪದ್ಮಶ್ರೀ ಸಂದಿತು. ಹರಿದಾಸ ಪರಂಪರೆಯ ಆದಿಯಲ್ಲಿ ನಿಲ್ಲುವ ಶ್ರೀಪಾದರಾಜರ ಬೃಂದಾವನ ಮುಳಬಾಗಿಲಿನ ಬಳಿಯ ನರಸಿಂಹತೀರ್ಥದಲ್ಲಿದೆ. ಹಳ್ಳಿಗಳ ಕೇಳಿಕೆ, ಪೌರಾಣಿಕ ನಾಟಕ, ಕನ್ನಡ ತೆಲುಗು ಎರಡೂ ಬೆರೆತ ತತ್ವಪದ ಮತ್ತು ಭಜನೆ ಈ ಸೀಮೆಯ ಕಿವಿಗೆ ನಿತ್ಯದ ಪರಿಚಯ. ಇಷ್ಟೊಂದು ಸದ್ದಿರುವ ನಾಡು ತನ್ನ ಸದ್ದನ್ನು ತಾನೇ ಹಿಡಿದಿಟ್ಟುಕೊಳ್ಳಲು ಪ್ರತಿಸಲವೂ ಬೆಂಗಳೂರಿನ ಸ್ಟುಡಿಯೊಗಳ ಬಾಗಿಲು ಕಾಯಬೇಕಾದ ಕಾರಣವಿಲ್ಲ.

ಸ್ಥಳೀಯರೇ ಧ್ವನಿಯ ಕೆಲಸ ಮಾಡಬಲ್ಲರೆಂಬುದಕ್ಕೆ ಈ ಜಿಲ್ಲೆಯಲ್ಲಿಯೇ ಹಳೆಯ ಸಾಕ್ಷ್ಯವಿದೆ. ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆಯಲ್ಲಿ 2001ರಲ್ಲಿ 'ನಮ್ಮ ಧ್ವನಿ' ಎಂಬ ಸಮುದಾಯ ಬಾನುಲಿ ಪ್ರಯೋಗ ಆರಂಭವಾಯಿತು. ಮೈರಾಡ ಮತ್ತು ವಾಯ್ಸಸ್ ಸಂಸ್ಥೆಗಳು ಯುನೆಸ್ಕೊ ನೆರವಿನಿಂದ ರೂಪಿಸಿದ ಈ ಪ್ರಯೋಗದಲ್ಲಿ ಹಳ್ಳಿಯ ಮಹಿಳೆಯರೂ ಯುವಕರೂ ತಾವೇ ಕಾರ್ಯಕ್ರಮಗಳನ್ನು ಸಿದ್ಧಪಡಿಸುತ್ತಿದ್ದರು. ಪ್ರಸಾರ ತರಂಗಗಳು ಸಾರ್ವಜನಿಕ ಸ್ವತ್ತೆಂದು ಸುಪ್ರೀಂ ಕೋರ್ಟ್ 1995ರಲ್ಲಿಯೇ ಹೇಳಿದ್ದರೂ, ಸಮುದಾಯ ಸಂಸ್ಥೆಗಳಿಗೆ ಬಾನುಲಿ ಪರವಾನಗಿ ಕೊಡುವ ನೀತಿ ಬಂದದ್ದು 2006ರಲ್ಲಿ. ಅಲ್ಲಿಯವರೆಗೆ ಆಕಾಶಕ್ಕೆ ಸದ್ದು ಬಿಡುವ ಹಕ್ಕಿಲ್ಲದ ಬೂದಿಕೋಟೆಯ ಕಾರ್ಯಕ್ರಮಗಳು ಟಿ.ವಿ. ಕೇಬಲ್ಲಿನ ಮೂಲಕ ಮನೆಗಳನ್ನು ಮುಟ್ಟಿದವು. ಆ ಪ್ರಯೋಗ ಶುರುವಾದ ಹತ್ತು ವರ್ಷಗಳ ಬಳಿಕ, 2011ರಿಂದ, ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ (ಡಿಎಸ್‌ಇಆರ್‌ಟಿ) ಮತ್ತು ಐಟಿ ಫಾರ್ ಚೇಂಜ್ ಸಂಸ್ಥೆಗಳು ವಿಷಯ ಶಿಕ್ಷಕರ ವೇದಿಕೆ ಕಾರ್ಯಕ್ರಮದಲ್ಲಿ ಸರ್ಕಾರಿ ಪ್ರೌಢಶಾಲೆಗಳ ಶಿಕ್ಷಕರಿಗೆ ಲಿನಕ್ಸ್‌ನ ಉಬುಂಟು ಆವೃತ್ತಿಯ ಮೇಲೆಯೇ ತರಬೇತಿ ಕೊಟ್ಟವು. ಹೀಗಾಗಿ ಲಿನಕ್ಸ್ ಎಂಬುದು ಸರ್ಕಾರಿ ಶಾಲೆಯ ಮೇಷ್ಟರಿಗೆ ಹೊಸ ಹೆಸರೇನೂ ಅಲ್ಲ. ಅದರ ಮೇಲೆ ಸಂಗೀತದ ಕೆಲಸ ನಡೆಸುವ ಸೂಕ್ಷ್ಮಗಳು ಮಾತ್ರ ಕನ್ನಡದಲ್ಲಿ ಬರವಣಿಗೆಗೆ ಬಂದದ್ದು ಕಡಿಮೆ.

ಗಣಕವು ಸದ್ದನ್ನು ಹೊಳೆಯಂತೆ ಅಖಂಡವಾಗಿ ತೆಗೆದುಕೊಳ್ಳುವುದಿಲ್ಲ. ಮೈಕ್ರೊಫೋನಿನಿಂದ ಬಂದ ಅಲೆಯನ್ನು ಸೆಕೆಂಡಿಗೆ 48,000 ಸಲ ಅಳೆದು, ಆ ಅಳತೆಗಳನ್ನು ಸಣ್ಣ ಕಂತುಗಳಾಗಿ ಕಟ್ಟಿ ತಂತ್ರಾಂಶಕ್ಕೆ ಒಪ್ಪಿಸುತ್ತದೆ; ಈ ಕಂತಿನ ಜಾಗಕ್ಕೆ ಬಫರ್ ಎಂದು ಹೆಸರು. ಒಂದು ಕಂತಿನಲ್ಲಿ 1,024 ಅಳತೆಗಳಿದ್ದರೆ ಅದರ ಅವಧಿ ಸುಮಾರು 21 ಮಿಲಿಸೆಕೆಂಡ್, 256 ಇದ್ದರೆ 5.3 ಮಿಲಿಸೆಕೆಂಡ್, 128 ಇದ್ದರೆ 2.7 ಮಿಲಿಸೆಕೆಂಡ್. ಒಂದು ಕಂತು ನುಡಿದು ಮುಗಿಯುವುದರೊಳಗೆ ಮುಂದಿನ ಕಂತು ಸಿದ್ಧವಾಗಿರಲೇಬೇಕು. ಆಗದಿದ್ದರೆ ಧ್ವನಿಯಂತ್ರಕ್ಕೆ ನುಡಿಸಲು ಏನೂ ಇರುವುದಿಲ್ಲ, ಕಿವಿಗೆ ಆ ಚಟ್ ಸದ್ದು ಬೀಳುತ್ತದೆ. ಈ ತಪ್ಪಿಗೆ ತಂತ್ರಜ್ಞರು 'ಎಕ್ಸ್‌ರನ್' ಎನ್ನುತ್ತಾರೆ. ರಿಯಲ್‌ಟೈಮ್ ಎಂಬ ಪದದ ತಾಂತ್ರಿಕ ಅರ್ಥವೂ ಇಷ್ಟೇ: ಕೆಲಸ ಬೇಗ ಮುಗಿಯುವುದಕ್ಕಿಂತ ಗಡುವಿನೊಳಗೆ, ಪ್ರತಿಸಲವೂ ತಪ್ಪದೆ ಮುಗಿಯುವುದು ಇಲ್ಲಿ ಮುಖ್ಯ. ಸರಾಸರಿಯಲ್ಲಿ ಬಹಳ ವೇಗವಾಗಿದ್ದು ನಿಮಿಷಕ್ಕೊಮ್ಮೆ 30 ಮಿಲಿಸೆಕೆಂಡ್ ತಡವಾಗುವ ಗಣಕವು ಮುದ್ರಣಕ್ಕೆ ನಿಷ್ಪ್ರಯೋಜಕ. ನಿಧಾನವಾಗಿದ್ದರೂ ಒಮ್ಮೆಯೂ ಗಡುವು ತಪ್ಪದ ಗಣಕವೇ ಈ ಕೆಲಸಕ್ಕೆ ಯೋಗ್ಯ.

ತಮಟೆಯ ಮುದ್ರಣದಲ್ಲಿ ಈ ದೋಷ ಅಡಗಿಕೊಳ್ಳಲಾರದು. ಬೆಂಕಿಗೆ ಹಿಡಿದು ಕಾಯಿಸಿ ಬಿಗಿಗೊಳಿಸಿದ ಚರ್ಮದ ಮೇಲೆ ಕಡ್ಡಿ ಬಿದ್ದಾಗ ಸದ್ದು ಕೆಲವೇ ಮಿಲಿಸೆಕೆಂಡುಗಳಲ್ಲಿ ತುತ್ತತುದಿಗೆ ಏರಿ ಇಳಿಯತೊಡಗುತ್ತದೆ. 256 ಅಳತೆಗಳ ಒಂದೇ ಒಂದು ಕಂತು ಬಿಟ್ಟುಹೋದರೂ ಪೆಟ್ಟಿನ ಏರುಮುಖವೇ ಕಳೆದುಹೋಗಿ, ಉಳಿದದ್ದು ಬರೀ ಅನುರಣನದಂತೆ ಮಂಕಾಗಿ ಕೇಳುತ್ತದೆ. ನಾದಸ್ವರದ ದೀರ್ಘ ಸ್ವರದಲ್ಲಿ ಅಂಥ ಬಿರುಕನ್ನು ಸಂಕಲನದ ಹೊತ್ತಿನಲ್ಲಿ ತಕ್ಕಮಟ್ಟಿಗೆ ತೇಪೆ ಹಾಕಬಹುದು. ಹೋದ ಪೆಟ್ಟನ್ನು ಮರಳಿ ತರುವ ದಾರಿಯಿಲ್ಲ. ಕಲಾವಿದರು ಮತ್ತೆ ತಮಟೆ ಕಾಯಿಸಿ ಮತ್ತೆ ಮೊದಲಿನಿಂದ ಬಾರಿಸಬೇಕಾಗುತ್ತದೆ.

ಬಫರನ್ನು ದೊಡ್ಡದು ಮಾಡಿದರೆ ಗಡುವು ಸಡಿಲವಾಗಿ ಎಕ್ಸ್‌ರನ್ ನಿಲ್ಲುತ್ತದೆಯಲ್ಲ ಎಂಬ ಪ್ರಶ್ನೆ ಸಹಜ, ಅದು ಎಷ್ಟೋ ಕಡೆ ಸರಿಯಾದ ಉತ್ತರವೂ ಹೌದು. ಶ್ರೀನಿವಾಸಪುರದ ಮಾವು ಬೆಳೆಗಾರರಿಗಾಗಿ ಜಿಗಿಹುಳುವಿನ ಹತೋಟಿಯ ಬಗ್ಗೆ ತಜ್ಞರ ಮಾತನ್ನು ಅಡಾಸಿಟಿ ತಂತ್ರಾಂಶದಲ್ಲಿ ಮುದ್ರಿಸುವವರಿಗೆ ರಿಯಲ್‌ಟೈಮ್ ಅನುಮತಿಯ ತಂಟೆಯೇ ಬೇಡ. ಮಾತನಾಡುವವರು ತಮ್ಮ ಧ್ವನಿಯನ್ನು ಗಣಕದ ಮೂಲಕ ಕೇಳಿಸಿಕೊಳ್ಳಬೇಕಿಲ್ಲವಾದ್ದರಿಂದ 1,024 ಅಥವಾ 2,048 ಅಳತೆಗಳ ಬಫರ್ ಧಾರಾಳವಾಗಿ ಸಾಕು. ಬಫರ್ ಕಿರಿದಾಗಿರಬೇಕಾದದ್ದು ಗಣಕವೇ ವಾದ್ಯವಾದಾಗ. ಮಾಲೂರಿನ ಕಡೆಯ ಕುರುಕ್ಷೇತ್ರ ನಾಟಕವೊಂದಕ್ಕೆ ಹಾರ್ಮೋನಿಯಂ ಬದಲು ಮಿಡಿ ಕೀಬೋರ್ಡನ್ನು ಲ್ಯಾಪ್‌ಟಾಪಿಗೆ ಜೋಡಿಸಿ, ಸ್ವರವನ್ನು ತಂತ್ರಾಂಶದಿಂದಲೇ ಹುಟ್ಟಿಸುವುದಾದರೆ, ಬೆರಳಿಗೂ ಕಿವಿಗೂ ನಡುವಿನ ವಿಳಂಬ ಹತ್ತು ಮಿಲಿಸೆಕೆಂಡಿನ ಆಸುಪಾಸಿನಲ್ಲಿರಬೇಕು. ಗಾಳಿಯಲ್ಲಿ ಸದ್ದು ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಸಾಗುವುದರಿಂದ ಹತ್ತು ಮಿಲಿಸೆಕೆಂಡ್ ಎಂದರೆ ಮೂರೂವರೆ ಮೀಟರ್ ಆಚೆ ಇಟ್ಟ ಪೆಟ್ಟಿಗೆಯ ಸದ್ದು ಕೇಳಿದಂತೆ. ನುಡಿಸುವವರು ಅದಕ್ಕೆ ಹೊಂದಿಕೊಳ್ಳಬಲ್ಲರು. ಐವತ್ತು, ಅರವತ್ತು ಮಿಲಿಸೆಕೆಂಡಾದರೆ ಕಂದಪದ್ಯ ಎತ್ತಿದ ನಟನ ಜೊತೆ ಸಾಗುವುದೇ ಕಷ್ಟವಾಗುತ್ತದೆ. ಆದ್ದರಿಂದ ಅನುಮತಿಯ ಗೊಡವೆಗೆ ಇಳಿಯುವ ಮೊದಲು ತಮ್ಮ ಕೆಲಸಕ್ಕೆ ಅದು ಬೇಕೇ ಎಂದು ನಿರ್ಧರಿಸಿಕೊಳ್ಳುವುದು ವಿವೇಕ.

ಬೇಕೆಂದಾದರೆ ಕರ್ನಲ್ ಹೇಗೆ ವರ್ತಿಸುತ್ತದೆ ಎಂಬುದನ್ನು ತಿಳಿಯಬೇಕು. ಕರ್ನಲ್ ಎಂದರೆ ಯಂತ್ರಾಂಶಕ್ಕೂ ತಂತ್ರಾಂಶಗಳಿಗೂ ನಡುವೆ ನಿಂತು ಎಲ್ಲವನ್ನೂ ಹಂಚುವ ಲಿನಕ್ಸ್‌ನ ತಿರುಳು. ಅದರಲ್ಲಿ ಪ್ರೊಸೆಸರಿನ ಕಾಲವನ್ನು ಹಂಚುವ ಭಾಗಕ್ಕೆ ಷೆಡ್ಯೂಲರ್ ಎನ್ನುತ್ತಾರೆ. ಕೋಲಾರದ ಕೆರೆಗಳ ಅಚ್ಚುಕಟ್ಟಿನಲ್ಲಿ ನೀರುಗಂಟಿ ತೂಬೆತ್ತಿ ಗದ್ದೆಯಿಂದ ಗದ್ದೆಗೆ ಸರದಿಯ ಮೇಲೆ ನೀರು ಬಿಡುತ್ತಿದ್ದಂತೆ ಷೆಡ್ಯೂಲರ್ ನೂರಾರು ಕೆಲಸಗಳಿಗೆ ಸರದಿ ಕೊಡುತ್ತದೆ. ಸಾಮಾನ್ಯ ಪದ್ಧತಿಯಲ್ಲಿ ಎಲ್ಲರಿಗೂ ನ್ಯಾಯವಾದ ಪಾಲು ಸಿಗುತ್ತದೆ, ಆದರೆ ಯಾರಿಗೂ ಇಂಥ ಗಳಿಗೆಯಲ್ಲೇ ಸಿಗುತ್ತದೆಂಬ ಭರವಸೆ ಇರುವುದಿಲ್ಲ. ಇದರ ಮೇಲೊಂದು ವಿಶೇಷ ಪದ್ಧತಿ ಇದೆ. ಷೆಡ್-ಫೈಫೊ ಮತ್ತು ಷೆಡ್-ಆರ್‌ಆರ್ ಎಂಬ ಎರಡು ವರ್ಗಗಳಿಗೆ ಸೇರಿದ ಕೆಲಸಗಳಿಗೆ 1ರಿಂದ 99ರವರೆಗೆ ಆದ್ಯತೆಯ ಅಂಕಿ ಇರುತ್ತದೆ; ಅಂಥ ಕೆಲಸ ಎದ್ದು ನಿಂತರೆ ಸಾಮಾನ್ಯ ಕೆಲಸಗಳೆಲ್ಲ ಆ ಕ್ಷಣವೇ ಬದಿಗೆ ಸರಿಯಬೇಕು, ಅದು ತಾನಾಗಿ ಮುಗಿಸಿ ಮಲಗುವವರೆಗೆ ಕಾಯಬೇಕು. ಧ್ವನಿ ತಂತ್ರಾಂಶಕ್ಕೆ ಬೇಕಾದದ್ದು ಈ ವರ್ಗದ ಪ್ರವೇಶ.

ಇದನ್ನು ಯಾರು ಕೇಳಿದರೂ ಕೊಡಲು ಕರ್ನಲ್ ಒಪ್ಪದಿರುವುದಕ್ಕೆ ಗಟ್ಟಿ ಕಾರಣವಿದೆ. ರಿಯಲ್‌ಟೈಮ್ ಆದ್ಯತೆ ಪಡೆದ ತಂತ್ರಾಂಶವೊಂದು ತಪ್ಪು ಬರವಣಿಗೆಯಿಂದ ಕೊನೆಯಿಲ್ಲದ ಸುತ್ತಿನಲ್ಲಿ ಸಿಕ್ಕಿಬಿದ್ದರೆ ಮೌಸ್, ಕೀಲಿಮಣೆ, ತೆರೆ ಎಲ್ಲವೂ ಕಲ್ಲಾಗಬಹುದು. ಆ ತಂತ್ರಾಂಶವನ್ನು ನಿಲ್ಲಿಸಲು ಬೇಕಾದ ಟರ್ಮಿನಲ್ಲಿಗೂ (ಆಜ್ಞೆ ಬರೆಯುವ ಕಿಟಕಿ) ಸರದಿ ಬಾರದಿರಬಹುದು. ಹಲವರು ಹಂಚಿಕೊಳ್ಳುವ ಗಣಕದಲ್ಲಿ ಒಬ್ಬರ ತಪ್ಪು ಎಲ್ಲರ ಕೆಲಸವನ್ನೂ ಕೆಡಿಸುತ್ತದೆ. ಇಂಥ ಅನಾಹುತಕ್ಕೆ ತಡೆಯಾಗಿ ರಿಯಲ್‌ಟೈಮ್ ಕೆಲಸಗಳೆಲ್ಲ ಸೇರಿ ಪ್ರತಿ ಸೆಕೆಂಡಿನಲ್ಲಿ 950 ಮಿಲಿಸೆಕೆಂಡ್ ಮಾತ್ರ ಬಳಸಬಹುದೆಂಬ ಮಿತಿಯನ್ನು ಕರ್ನಲ್ ಬಹುಕಾಲದಿಂದ ಇಟ್ಟುಕೊಂಡಿದೆ. ಮೊದಲಿಗೆ ಈ ವರ್ಗದ ಪ್ರವೇಶ ರೂಟ್ ಎಂಬ ಸರ್ವಾಧಿಕಾರಿ ಬಳಕೆದಾರನಿಗೆ ಮಾತ್ರ ಮೀಸಲಾಗಿತ್ತು, ಸಂಗೀತಗಾರರು ಧ್ವನಿ ತಂತ್ರಾಂಶವನ್ನು ರೂಟ್ ಹೆಸರಿನಲ್ಲಿ ಓಡಿಸುತ್ತಿದ್ದರು ಇಲ್ಲವೇ ಕರ್ನಲ್ಲಿಗೆ ಹೊರಗಿನಿಂದ ತುಂಡುಗಳನ್ನು ಸೇರಿಸಿಕೊಳ್ಳುತ್ತಿದ್ದರು. ದೀರ್ಘ ವಾದವಿವಾದಗಳ ನಂತರ 2005ರಲ್ಲಿ ಬಂದ 2.6.12ನೇ ಆವೃತ್ತಿಯಲ್ಲಿ ಈ ಹಕ್ಕನ್ನು ಅಳತೆ ಮಾಡಿ ಸಾಮಾನ್ಯ ಬಳಕೆದಾರನಿಗೂ ಕೊಡುವ ಏರ್ಪಾಡು ಕರ್ನಲ್ಲಿನ ಒಳಗೇ ಸೇರಿತು. ಇಂದಿಗೂ ಅನುಮತಿಯ ದುರಸ್ತಿ ನಡೆಯುವುದು ಆ ಏರ್ಪಾಡಿನ ಮೇಲೆಯೇ.

ಸುಡೊ ಆಜ್ಞೆಯನ್ನು ಮುಂದಿಟ್ಟು ಧ್ವನಿ ತಂತ್ರಾಂಶವನ್ನು ರೂಟ್ ಹೆಸರಿನಲ್ಲಿ ತೆರೆಯುವ ಅಭ್ಯಾಸ ಇನ್ನೂ ಪೂರ್ತಿ ಹೋಗಿಲ್ಲವಾದ್ದರಿಂದ ಅದರ ಕೆಡುಕನ್ನು ಬಿಡಿಸಿ ಹೇಳಬೇಕು. ಆರ್ಡರ್ ಎಂಬ ಬಹುಪಥ ಮುದ್ರಣ ತಂತ್ರಾಂಶವನ್ನು ಹಾಗೆ ತೆರೆದು ಭಜನೆಯೊಂದನ್ನು ಮುದ್ರಿಸಿದರೆ, ಉಳಿಸಿಟ್ಟ ಕಡತಗಳೆಲ್ಲ ರೂಟ್‌ನ ಒಡೆತನಕ್ಕೆ ಸೇರುತ್ತವೆ. ಮರುದಿನ ತಮ್ಮ ಹೆಸರಿನಲ್ಲೇ ತೆರೆದಾಗ ಆ ಕೆಲಸ ಓದಲು ಮಾತ್ರ ಸಿಕ್ಕಿ ತಿದ್ದಲು ಸಿಗುವುದಿಲ್ಲ. ಆಗ ಚೌನ್ ಎಂಬ ಆಜ್ಞೆಯಿಂದ ಇಡೀ ಕೋಶದ ಒಡೆತನವನ್ನು ಮರಳಿ ಬದಲಾಯಿಸಬೇಕಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ತಂತ್ರಾಂಶಗಳಿಗೂ ಸೌಂಡ್ ಕಾರ್ಡಿಗೂ ನಡುವೆ ಸದ್ದು ಸಾಗಿಸುವ ಧ್ವನಿ ಸರ್ವರ್ ಒಬ್ಬ ಬಳಕೆದಾರನ ಹೆಸರಿನಲ್ಲಿ ನಡೆಯುತ್ತಿರುವಾಗ ಇನ್ನೊಬ್ಬನ ಹೆಸರಿನ ತಂತ್ರಾಂಶ ಅದಕ್ಕೆ ಸೇರಲಾರದು. ರೂಟ್ ಕೂಡ ಆ ಮಟ್ಟಿಗೆ ಇನ್ನೊಬ್ಬನೇ. ಹೀಗಾಗಿ ಒಂದು ತೊಂದರೆಗೆ ಮದ್ದೆಂದು ಬಳಸಿದ ಸುಡೊ 'ಸರ್ವರ್ ಸಿಗುತ್ತಿಲ್ಲ' ಎಂಬ ಮತ್ತೊಂದನ್ನು ಹುಟ್ಟಿಸುತ್ತದೆ. ಅಂತರಜಾಲದಿಂದ ಇಳಿಸಿಕೊಂಡ ಯಾವುದೋ ಪ್ಲಗಿನ್ ಸರ್ವಾಧಿಕಾರದೊಡನೆ ಓಡುವ ಅಪಾಯ ಬೇರೆ.

ಸರಿಯಾದ ದುರಸ್ತಿಯ ಮೊದಲ ಹೆಜ್ಜೆ ಈಗಿರುವ ಸ್ಥಿತಿಯನ್ನು ನೋಡಿಕೊಳ್ಳುವುದು. ಟರ್ಮಿನಲ್ ತೆರೆದು ಯುಲಿಮಿಟ್ ಆಜ್ಞೆಯನ್ನು 'ಆರ್' ಆಯ್ಕೆಯೊಂದಿಗೆ ಕೊಟ್ಟರೆ ಆ ಬಳಕೆದಾರ ಕೇಳಬಹುದಾದ ಗರಿಷ್ಠ ರಿಯಲ್‌ಟೈಮ್ ಆದ್ಯತೆ ತೋರುತ್ತದೆ. ಉತ್ತರ 0 ಎಂದು ಬಂದರೆ ಹಕ್ಕೇ ಇಲ್ಲವೆಂದು ಅರ್ಥ. ಅದೇ ಆಜ್ಞೆಯನ್ನು 'ಎಲ್' ಆಯ್ಕೆಯೊಂದಿಗೆ ಕೊಟ್ಟರೆ ಸ್ಮೃತಿಯಲ್ಲಿ ಬೀಗ ಹಾಕಿ ಇಟ್ಟುಕೊಳ್ಳಬಹುದಾದ ಜಾಗ ಕಿಲೋಬೈಟ್ ಲೆಕ್ಕದಲ್ಲಿ ಕಾಣುತ್ತದೆ. ಈ ಎರಡನೆಯ ಹಕ್ಕು ಏಕೆ ಬೇಕೆಂಬುದಕ್ಕೆ ಕಾರಣ ಹೀಗಿದೆ: ಸ್ಮೃತಿ ಸಾಲದಾದಾಗ ಕರ್ನಲ್ ಕೆಲವು ತುಣುಕುಗಳನ್ನು ಡಿಸ್ಕಿಗೆ ಸಾಗಿಸುತ್ತದೆ, ಸಾಗಿಸಿದ ತುಣುಕಿನಲ್ಲಿ ಧ್ವನಿಯ ಕಂತು ಸೇರಿದ್ದರೆ ಅದನ್ನು ಮರಳಿ ತರುವಷ್ಟರಲ್ಲಿ ಗಡುವು ದಾಟಿರುತ್ತದೆ. ಬೀಗ ಹಾಕಿದ ಸ್ಮೃತಿಯನ್ನು ಕರ್ನಲ್ ಕದಲಿಸುವುದಿಲ್ಲ. ಈ ಮಿತಿ ಬಹಳ ವರ್ಷ 64 ಕಿಲೋಬೈಟ್ ಮಾತ್ರ ಇತ್ತು, 5.16ನೇ ಕರ್ನಲ್ಲಿನಿಂದ 8 ಮೆಗಾಬೈಟಿಗೆ ಏರಿದೆ. ಬಹುಪಥ ಮುದ್ರಣಕ್ಕೆ ಅದೂ ಸಾಲದು, ಆರ್ಡರ್ ತೆರೆಯುವಾಗ ಬೀಗದ ಸ್ಮೃತಿಗೆ ಮಿತಿಯಿದೆ ಎಂದು ಬರುವ ಎಚ್ಚರಿಕೆ ಇದನ್ನು ಕುರಿತದ್ದೇ.

ಈ ಎರಡು ಹಕ್ಕುಗಳನ್ನು ಬರೆದಿಡುವ ಜಾಗ ಇಟಿಸಿ ಕೋಶದೊಳಗಿನ ಸೆಕ್ಯುರಿಟಿ ಕೋಶ. ಅದರಲ್ಲಿರುವ ಲಿಮಿಟ್ಸ್-ಡಾಟ್-ಡಿ ಎಂಬ ಉಪಕೋಶಕ್ಕೆ 'ಕಾನ್ಫ್' ಎಂದು ಕೊನೆಗೊಳ್ಳುವ ಹೆಸರಿನ ಒಂದು ಕಡತವನ್ನು ಸೇರಿಸಿ ಎರಡು ಸಾಲು ಬರೆಯಬೇಕು. ಕನ್ನಡ ಲಿಪಿಯಲ್ಲಿ ಓದಿದರೆ ಅವು '@ಆಡಿಯೊ - ಆರ್‌ಟಿಪ್ರಿಯೊ 95' ಮತ್ತು '@ಆಡಿಯೊ - ಮೆಮ್‌ಲಾಕ್ ಅನ್‌ಲಿಮಿಟೆಡ್'. ಗಣಕದಲ್ಲಿ ಇವನ್ನು ರೋಮನ್ ಅಕ್ಷರಗಳಲ್ಲೇ ಬರೆಯಬೇಕೆಂಬುದನ್ನು ಹೇಳಬೇಕಾಗಿಲ್ಲ. ಪ್ರತಿ ಸಾಲಿನಲ್ಲಿ ನಾಲ್ಕು ಅಂಗಗಳಿವೆ: ಹಕ್ಕು ಯಾರಿಗೆ, ಯಾವ ಬಗೆಯ ಮಿತಿ, ಯಾವ ವಸ್ತುವಿನ ಮಿತಿ, ಎಷ್ಟು. ಮೊದಲಿನ ಸುರುಳಿ ಚಿಹ್ನೆ ಮುಂದಿನದು ವ್ಯಕ್ತಿಯ ಹೆಸರಲ್ಲ, ಗುಂಪಿನ ಹೆಸರು ಎಂದು ಸೂಚಿಸುತ್ತದೆ. ಅಡ್ಡಗೆರೆ ಎಂದರೆ ಮೃದು (ಈಗ ಜಾರಿಯಲ್ಲಿರುವ) ಮತ್ತು ಕಠಿಣ (ಏರಿಸಬಹುದಾದ ಗರಿಷ್ಠ) ಮಿತಿಗಳೆರಡೂ ಒಂದೇ ಎಂದು. ಆದ್ಯತೆಯ ಮಿತಿಯನ್ನು 99ಕ್ಕೆ ಏರಿಸದೆ 95ರಲ್ಲಿ ನಿಲ್ಲಿಸುವುದು ರೂಢಿ, ಏಕೆಂದರೆ ತುದಿಯ ಅಂಕಿಯನ್ನು ಕರ್ನಲ್ ತನ್ನ ಕಾವಲು ಕೆಲಸಗಳಿಗೆ ಬಳಸಿಕೊಳ್ಳುತ್ತದೆ. ಸ್ಮೃತಿಗೆ ಮಿತಿಯೇ ಇಲ್ಲವೆಂದು ಬರೆಯುವ ವಾಡಿಕೆ ಮಾತ್ರ 4 ಗಿಗಾಬೈಟ್ ಸ್ಮೃತಿಯ ಹಳೆಯ ಗಣಕಗಳಿಗೆ ಹಿತವಲ್ಲ; ಅಲ್ಲಿ ಅರ್ಧಕ್ಕೋ ಮುಕ್ಕಾಲಿಗೋ ಸಮನಾದ ಸಂಖ್ಯೆಯನ್ನು ಕಿಲೋಬೈಟಿನಲ್ಲಿ ಬರೆಯುವುದು ಮೇಲು.

ಈ ಕಡತವನ್ನು ಕೈಯಿಂದ ಬರೆಯುವ ಅಗತ್ಯ ಎಲ್ಲೆಡೆಯೂ ಬರುವುದಿಲ್ಲ. ಉಬುಂಟು ಮತ್ತು ಡೆಬಿಯನ್‌ಗಳಲ್ಲಿ ಜ್ಯಾಕ್ ಎಂಬ ಧ್ವನಿ ಸರ್ವರನ್ನು ಅನುಸ್ಥಾಪಿಸುವಾಗ ರಿಯಲ್‌ಟೈಮ್ ಆದ್ಯತೆ ಬೇಕೇ ಎಂದು ಗಣಕವೇ ಕೇಳುತ್ತದೆ. ಹೌದೆಂದರೆ ಆಡಿಯೊ ಗುಂಪಿನ ಕಡತ ತಾನಾಗಿ ಸಿದ್ಧವಾಗುತ್ತದೆ, ಬೇಡವೆಂದರೆ ಅದೇ ಕಡತ ಹೆಸರಿನ ಕೊನೆಗೆ 'ಡಿಸೇಬಲ್ಡ್' ಎಂಬ ಬಾಲ ಹೊತ್ತು ಮಲಗಿರುತ್ತದೆ. ಕಡತ ಕಣ್ಣೆದುರಿಗೇ ಇದೆ, ಸಾಲುಗಳೂ ಸರಿಯಿವೆ, ಆದರೂ ಯುಲಿಮಿಟ್ 0 ತೋರುತ್ತಿದೆ ಎಂದು ಕಂಗಾಲಾದವರು ಈ ಬಾಲವನ್ನು ಮೊದಲು ಗಮನಿಸಬೇಕು. ಬೇರೆ ಲಿನಕ್ಸ್ ಆವೃತ್ತಿಗಳ ಪೈಕಿ ಫೆಡೋರಾದಲ್ಲಿ ಗುಂಪಿನ ಹೆಸರು ಜ್ಯಾಕ್‌ಯೂಸರ್, ಆರ್ಚ್‌ನಲ್ಲಿ ರಿಯಲ್‌ಟೈಮ್. ಉಬುಂಟುವಿಗೆ ಬರೆದ ಸೂಚನೆಯನ್ನು ಫೆಡೋರಾದ ಮೇಲೆ ಪ್ರಯೋಗಿಸಿದವರಿಗೆ ಫಲ ಸಿಗದಿರುವುದಕ್ಕೆ ಎಷ್ಟೋ ಸಲ ಇದೇ ಕಾರಣ.

ಕಡತದಲ್ಲಿ ಗುಂಪಿಗೆ ಹಕ್ಕು ಬರೆದ ಮೇಲೆ ಬಳಕೆದಾರನನ್ನು ಆ ಗುಂಪಿಗೆ ಸೇರಿಸಬೇಕು. ಇದಕ್ಕಿರುವ ಯೂಸರ್‌ಮಾಡ್ ಆಜ್ಞೆಯಲ್ಲಿ 'ಎ' ಮತ್ತು ದೊಡ್ಡಕ್ಷರದ 'ಜಿ' ಎಂಬ ಎರಡು ಆಯ್ಕೆಗಳನ್ನು ಜೊತೆಯಾಗಿಯೇ ಕೊಡಬೇಕು. ಮೊದಲನೆಯದು ಸೇರಿಸು ಎಂಬುದಕ್ಕೆ, ಎರಡನೆಯದು ಗುಂಪು ಎಂಬುದಕ್ಕೆ. ಮೊದಲನೆಯದನ್ನು ಮರೆತರೆ ಬಳಕೆದಾರ ಹೊಸ ಗುಂಪಿಗೆ ಸೇರುತ್ತಾನೆ, ಆದರೆ ಅವನಿದ್ದ ಉಳಿದೆಲ್ಲ ಹೆಚ್ಚುವರಿ ಗುಂಪುಗಳಿಂದ ಹೊರಬೀಳುತ್ತಾನೆ, ಸುಡೊ ಗುಂಪಿನಿಂದಲೂ. ಗಣಕದಲ್ಲಿ ಬೇರೆ ಆಡಳಿತಗಾರರಿಲ್ಲದಿದ್ದರೆ ತಪ್ಪನ್ನು ತಿದ್ದುವ ಅಧಿಕಾರವೂ ಆಗ ಕೈತಪ್ಪಿ, ಗಣಕವನ್ನು ರಿಕವರಿ ವಿಧಾನದಲ್ಲಿ ತೆರೆಯಬೇಕಾದ ಪ್ರಸಂಗ ಬರುತ್ತದೆ. ಒಂದೇ ಅಕ್ಷರದ ಮರೆವಿಗೆ ಇಷ್ಟು ದೊಡ್ಡ ದಂಡ ತೆರಬೇಕಾದ ಕಡೆಗಳು ಲಿನಕ್ಸ್‌ನಲ್ಲಿ ಹೆಚ್ಚಿಲ್ಲ, ಆದ್ದರಿಂದ ಈ ಆಜ್ಞೆಯನ್ನು ಎಂಟರ್ ಒತ್ತುವ ಮುನ್ನ ಎರಡು ಸಲ ಓದಿಕೊಳ್ಳಬೇಕು.

ಇಷ್ಟಾದ ಮೇಲೂ ಅದೇ ಟರ್ಮಿನಲ್ಲಿನಲ್ಲಿ ಯುಲಿಮಿಟ್ ಕೇಳಿದರೆ ಉತ್ತರ ಬದಲಾಗಿರುವುದಿಲ್ಲ. ಗುಂಪಿನ ಸದಸ್ಯತ್ವವನ್ನೂ ಮಿತಿಗಳನ್ನೂ ಗಣಕ ಓದುವುದು ಬಳಕೆದಾರ ಒಳಬರುವ ಗಳಿಗೆಯಲ್ಲಿ ಮಾತ್ರ. ಆ ಹೊತ್ತಿನಲ್ಲಿ ಪ್ಯಾಮ್ ಎಂಬ ದೃಢೀಕರಣ ವ್ಯವಸ್ಥೆಯ ಲಿಮಿಟ್ಸ್ ಘಟಕವು ಮೇಲಿನ ಕಡತಗಳನ್ನು ಓದಿ ಅಂದಿನ ಬಳಕೆಗೆ ಮಿತಿಗಳನ್ನು ಹೊದಿಸುತ್ತದೆ, ಅಲ್ಲಿಂದ ಹುಟ್ಟುವ ಎಲ್ಲ ತಂತ್ರಾಂಶಗಳೂ ಅವನ್ನೇ ಹೊತ್ತು ಸಾಗುತ್ತವೆ. ಕಿಟಕಿ ಮುಚ್ಚಿ ತೆರೆದರೆ ಸಾಲದು, ಹೊರಹೋಗಿ ಮತ್ತೆ ಲಾಗಿನ್ ಆಗಬೇಕು. ಕೆಲವೊಮ್ಮೆ ಲಾಗೌಟ್ ಆದರೂ ಬಳಕೆದಾರನ ಹಿನ್ನೆಲೆ ಸೇವೆಗಳು ಹಳೆಯ ಮಿತಿಗಳೊಂದಿಗೇ ಜೀವಂತ ಉಳಿಯುವುದರಿಂದ ಗಣಕವನ್ನೇ ಮರುಚಾಲನೆ ಮಾಡುವುದು ಸಂಶಯವಿಲ್ಲದ ದಾರಿ. ಮರುಚಾಲನೆಯ ನಂತರವೂ 0 ಕಂಡರೆ ಐಡಿ ಆಜ್ಞೆಯಿಂದ ಗುಂಪಿನ ಹೆಸರು ಪಟ್ಟಿಯಲ್ಲಿದೆಯೇ ಎಂದು ನೋಡಬೇಕು, ಬಳಿಕ ಲಿಮಿಟ್ಸ್ ಕೋಶದ ಬೇರೆ ಕಡತ ಇದರ ಮಾತನ್ನು ಅಳಿಸುತ್ತಿದೆಯೇ ಎಂದು ನೋಡಬೇಕು. ಅಕ್ಷರಕ್ರಮದಲ್ಲಿ ನಂತರ ಬರುವ ಕಡತದ ಮಾತೇ ಅಲ್ಲಿ ಅಂತಿಮ.

ಆಡಿಯೊ ಗುಂಪಿನ ಬಗ್ಗೆ ಒಂದು ಹಳೆಯ ಗೊಂದಲವಿದೆ. ಹಿಂದೆ ಸೌಂಡ್ ಕಾರ್ಡಿನ ಸಾಧನ ಕಡತಗಳನ್ನು ಮುಟ್ಟಲೂ ಈ ಗುಂಪಿನ ಸದಸ್ಯತ್ವ ಬೇಕಿತ್ತು. ಈಗ ಗಣಕದ ಎದುರು ಕುಳಿತು ಲಾಗಿನ್ ಆದವರಿಗೆ ಆ ಹಕ್ಕನ್ನು ಸಿಸ್ಟಂಡಿ ವ್ಯವಸ್ಥೆಯೇ ಕೊಟ್ಟು, ಅವರು ಎದ್ದುಹೋದಾಗ ಹಿಂಪಡೆಯುತ್ತದೆ. ಕಾರ್ಡೇ ಕಾಣುತ್ತಿಲ್ಲ ಎಂಬ ತೊಂದರೆಯೂ ಕಾರ್ಡು ಕಂಡರೂ ಸದ್ದು ಕತ್ತರಿಸುತ್ತಿದೆ ಎಂಬ ತೊಂದರೆಯೂ ಬೇರೆ ಬೇರೆ. ಎರಡನ್ನೂ ಒಂದೇ ಗುಂಪಿನ ತಲೆಗೆ ಕಟ್ಟಿದರೆ ಪರಿಹಾರ ಹುಡುಕುವುದು ಕಷ್ಟ. ಪ್ರಯೋಗಾಲಯದಲ್ಲಿ ಹಲವರು ಸರದಿಯಂತೆ ಬಳಸುವ ಗಣಕದಲ್ಲಿ ಎಲ್ಲರನ್ನೂ ಆಡಿಯೊ ಗುಂಪಿಗೆ ಸೇರಿಸಿದರೆ ಒಬ್ಬರು ಎದ್ದ ಮೇಲೂ ಅವರ ಹೆಸರಿನ ತಂತ್ರಾಂಶ ಕಾರ್ಡನ್ನು ಹಿಡಿದುಕೊಂಡಿರಬಹುದು, ಮೈಕ್ರೊಫೋನಿಗೆ ಕಿವಿಗೊಟ್ಟಿರಲೂಬಹುದು. ಈ ಕಾರಣದಿಂದ ರಿಯಲ್‌ಟೈಮ್ ಹಕ್ಕಿಗೆಂದೇ ಪ್ರತ್ಯೇಕ ಗುಂಪು ಮಾಡುವ ಆರ್ಚ್‌ನ ಕ್ರಮ ಹೆಚ್ಚು ಸರಿಯಾದದ್ದು, ಉಬುಂಟುವಿನಲ್ಲಿಯೂ ಕೈಯಿಂದ ಹಾಗೆ ಮಾಡಿಕೊಳ್ಳಲು ಅಡ್ಡಿಯಿಲ್ಲ.

ಇತ್ತೀಚಿನ ಲಿನಕ್ಸ್ ಆವೃತ್ತಿಗಳಲ್ಲಿ ಏನೂ ಮಾಡದೆಯೇ ಸದ್ದು ಸರಿಯಾಗಿ ಬರುವುದುಂಟು. ಇದರ ಹಿಂದಿರುವುದು 2009ರಲ್ಲಿ ಲೆನಾರ್ಟ್ ಪೊಯೆಟ್ಟರಿಂಗ್ ರೂಪಿಸಿದ ಆರ್‌ಟಿಕಿಟ್ ಎಂಬ ಮಧ್ಯವರ್ತಿ ಸೇವೆ. ಹಕ್ಕಿಲ್ಲದ ತಂತ್ರಾಂಶ ಇದರ ಮುಂದೆ ಅರ್ಜಿ ಹಾಕಿದರೆ, ತಾನು ಎಡೆಬಿಡದೆ ಇಂತಿಷ್ಟು ಕಾಲಕ್ಕಿಂತ ಹೆಚ್ಚು ಪ್ರೊಸೆಸರನ್ನು ಹಿಡಿದಿಡುವುದಿಲ್ಲವೆಂಬ ಮಿತಿಯನ್ನು ಮೊದಲೇ ಒಪ್ಪಿಕೊಂಡಿದ್ದರೆ ಮಾತ್ರ, ಸಾಧಾರಣವಾಗಿ 20ರವರೆಗಿನ ಆದ್ಯತೆ ಸಿಗುತ್ತದೆ. ಗಣಕ ಉಸಿರುಗಟ್ಟಿತೆಂದು ಕಂಡರೆ ಆರ್‌ಟಿಕಿಟ್ ಕೊಟ್ಟದ್ದನ್ನು ಹಿಂಪಡೆಯುತ್ತದೆ. ವಿಮ್ ಟೈಮನ್ಸ್ ಅಭಿವೃದ್ಧಿಪಡಿಸಿದ, 2021ರ ಫೆಡೋರಾ 34ರಿಂದ ಧ್ವನಿಯ ಹೊಣೆ ಹೊತ್ತ ಪೈಪ್‌ವೈರ್ ಸರ್ವರ್, ಲಿಮಿಟ್ಸ್ ಕಡತದಲ್ಲಿ ನೇರ ಹಕ್ಕಿದ್ದರೆ ಅದನ್ನು ಬಳಸುತ್ತದೆ, ಇಲ್ಲದಿದ್ದರೆ ಆರ್‌ಟಿಕಿಟ್‌ನ ಮೊರೆ ಹೋಗುತ್ತದೆ. ಹಾಡು ಕೇಳುವುದಕ್ಕೂ ವಿಡಿಯೊ ಕರೆಗೂ ಆರ್‌ಟಿಕಿಟ್ ಕೊಡುವಷ್ಟು ಸಾಕು. 128 ಅಳತೆಗಳ ಬಫರಿನಲ್ಲಿ ಹಲವು ಪಥಗಳನ್ನು ನಡೆಸುವವರಿಗೆ ನೇರ ಹಕ್ಕೇ ಬೇಕು.

ಹಕ್ಕು ದೊರೆತ ಮೇಲೆ ಅದು ನಿಜಕ್ಕೂ ಬಳಕೆಯಾಗುತ್ತಿದೆಯೇ ಎಂದು ಖಚಿತಪಡಿಸಿಕೊಳ್ಳಬೇಕು. ಪಿಎಸ್ ಆಜ್ಞೆಯಲ್ಲಿ ತಂತ್ರಾಂಶದೊಳಗೆ ಬೇರೆ ಬೇರೆಯಾಗಿ ಓಡುವ ಎಳೆಗಳನ್ನು (ಥ್ರೆಡ್) ಅವುಗಳ ವರ್ಗದೊಂದಿಗೆ ಪಟ್ಟಿಮಾಡಿಸಿದರೆ ಸಾಮಾನ್ಯ ಎಳೆಗಳ ಎದುರು 'ಟಿಎಸ್' ಎಂದೂ ರಿಯಲ್‌ಟೈಮ್ ಎಳೆಗಳ ಎದುರು 'ಎಫ್ಎಫ್' ಅಥವಾ 'ಆರ್‌ಆರ್' ಎಂದೂ ಕಾಣುತ್ತದೆ. ತಂತ್ರಾಂಶದ ಎಲ್ಲ ಎಳೆಗಳೂ ಹಾಗಿರಬೇಕಿಲ್ಲ. ಚಿತ್ರ ಬರೆಯುವ, ಡಿಸ್ಕಿಗೆ ಬರೆಯುವ ಎಳೆಗಳು ಸಾಮಾನ್ಯ ವರ್ಗದಲ್ಲಿರುವುದೇ ಸರಿ, ಧ್ವನಿಯ ಕಂತನ್ನು ತುಂಬುವ ಎಳೆ ಮಾತ್ರ ಮೇಲಿದ್ದರಾಯಿತು. ಪೈಪ್‌ವೈರ್ ಜೊತೆಗೆ ಬರುವ ಪಿಡಬ್ಲ್ಯು-ಟಾಪ್ ಆಜ್ಞೆಯ 'ಇಆರ್‌ಆರ್' ಅಂಕಣದಲ್ಲಿ ಎಕ್ಸ್‌ರನ್‌ಗಳ ಎಣಿಕೆ ಏರುವುದು ಕಾಣುತ್ತದೆ. ಎಳೆ 'ಎಫ್ಎಫ್' ಎಂದಿದ್ದು ಅಂಕಣವೂ ಏರುತ್ತಲೇ ಇದ್ದರೆ ಅನುಮತಿಯ ತೊಂದರೆ ಮುಗಿದಿದೆ ಎಂದು ತಿಳಿದು ಬೇರೆಡೆ ಹುಡುಕಬೇಕು: ವಿದ್ಯುತ್ ಉಳಿಸಲು ಪ್ರೊಸೆಸರಿನ ವೇಗ ಇಳಿಸುವ ಏರ್ಪಾಡು, ಹಲವು ಸಾಧನಗಳೊಂದಿಗೆ ಒಂದೇ ಯುಎಸ್‌ಬಿ ಹಬ್ ಹಂಚಿಕೊಂಡ ಆಡಿಯೊ ಇಂಟರ್‌ಫೇಸ್, ವೈಫೈ ಚಾಲಕದ ದೀರ್ಘ ಅಡಚಣೆ ಇವು ಸಾಮಾನ್ಯ ಕಾರಣಗಳು. ಮುದ್ರಣದ ಹೊತ್ತಿಗೆ ವೈಫೈ ಆರಿಸಿ, ಇಂಟರ್‌ಫೇಸನ್ನು ಗಣಕದ ಸ್ವಂತ ಕಿಂಡಿಗೆ ಚುಚ್ಚುವುದು ಸರಳ ಉಪಾಯ.

ಕರ್ನಲ್ಲಿನ ಒಳಗಿನ ಕೆಲಸಗಳನ್ನೂ ನಡುವೆಯೇ ನಿಲ್ಲಿಸಿ ರಿಯಲ್‌ಟೈಮ್ ಎಳೆಗೆ ದಾರಿ ಬಿಡುವ ಪ್ರೀಎಂಪ್ಟ್-ಆರ್‌ಟಿ ಎಂಬ ತಿದ್ದುಪಡಿ ಸುಮಾರು 20 ವರ್ಷ ಹೊರಗಿನ ಸೇರ್ಪಡೆಯಾಗಿಯೇ ಉಳಿದು, 2024ರ ನವೆಂಬರಿನಲ್ಲಿ ಬಂದ 6.12ನೇ ಆವೃತ್ತಿಯೊಡನೆ ಮುಖ್ಯ ಕರ್ನಲ್ಲಿನ ಭಾಗವಾಯಿತು. ಇದು ಕಾರ್ಖಾನೆಯ ಯಂತ್ರಗಳಿಗೂ ಧ್ವನಿಗೂ ಹಿತವಾದ ಸುದ್ದಿ. ಆದರೆ ಅಂಥ ಕರ್ನಲ್ ಹಾಕಿಕೊಂಡರೂ ಲಿಮಿಟ್ಸ್ ಕಡತದ ಎರಡು ಸಾಲುಗಳ ಅಗತ್ಯ ತಪ್ಪುವುದಿಲ್ಲ, ಏಕೆಂದರೆ ಸರದಿ ಎಷ್ಟು ಬೇಗ ಬರುತ್ತದೆಂಬುದನ್ನು ಕರ್ನಲ್ ನೋಡಿಕೊಂಡರೆ ಸರದಿ ಕೇಳುವ ಹಕ್ಕು ಯಾರಿಗಿದೆ ಎಂಬುದನ್ನು ಆ ಕಡತವೇ ಹೇಳಬೇಕು. ಸಾಮಾನ್ಯ ಕರ್ನಲ್ಲಿನಲ್ಲಿಯೇ ಅನುಮತಿಯನ್ನು ಸರಿಪಡಿಸಿ ನೋಡಿ, ಸಾಲದಿದ್ದರೆ ಮಾತ್ರ ಕರ್ನಲ್ ಬದಲಿಸುವುದು ಶ್ರಮ ಉಳಿಸುವ ಕ್ರಮ.

ಸರ್ಕಾರಿ ಪ್ರೌಢಶಾಲೆಯೊಂದರ ಪ್ರಯೋಗಾಲಯದಲ್ಲಿ ಸಂಗೀತ ಅಥವಾ ನಾಟಕದ ಆಸಕ್ತಿಯುಳ್ಳ ಶಿಕ್ಷಕರು ಇದನ್ನು ಅಳವಡಿಸುವುದಾದರೆ ಎಲ್ಲ ಗಣಕಗಳಿಗೂ ಎಲ್ಲ ವಿದ್ಯಾರ್ಥಿಗಳಿಗೂ ಹಕ್ಕು ಹಂಚಬೇಕಾಗಿಲ್ಲ. ಮುದ್ರಣಕ್ಕೆಂದು ಒಂದೇ ಗಣಕವನ್ನು ಆರಿಸಿ, ಅದರಲ್ಲಿ ರಿಯಲ್‌ಟೈಮ್ ಎಂಬ ಗುಂಪನ್ನು ಹೊಸದಾಗಿ ಮಾಡಿ, ಎರಡು ಸಾಲುಗಳನ್ನು ಆ ಗುಂಪಿನ ಹೆಸರಿಗೆ ಬರೆದು, ಮುದ್ರಣದ ಹೊಣೆ ಹೊತ್ತವರ ಖಾತೆಯನ್ನಷ್ಟೇ ಅದಕ್ಕೆ ಸೇರಿಸಿದರೆ ಮಕ್ಕಳು ತಮ್ಮ ತಮ್ಮ ಖಾತೆಗಳಲ್ಲಿ ಎಂದಿನಂತೆ ಕೆಲಸ ಮಾಡುತ್ತಾರೆ. ಆ ಶಿಕ್ಷಕರಿಗೆ ಬೇರೆ ತಾಲ್ಲೂಕಿಗೆ ವರ್ಗವಾದಾಗ ಕಡತವನ್ನು ಮುಟ್ಟುವ ಅಗತ್ಯವಿಲ್ಲ. ಜಿಪಾಸ್‌ಡಬ್ಲ್ಯುಡಿ ಆಜ್ಞೆಯಿಂದ ಅವರ ಖಾತೆಯನ್ನು ಗುಂಪಿನಿಂದ ತೆಗೆದು, ಅವರ ಜಾಗಕ್ಕೆ ಬಂದವರ ಖಾತೆಯನ್ನು ಸೇರಿಸಿ, ಗಣಕವನ್ನು ಒಮ್ಮೆ ಮರುಚಾಲನೆ ಮಾಡಿದರೆ ಹೊಸಬರ ಟರ್ಮಿನಲ್ಲಿನಲ್ಲಿ ಯುಲಿಮಿಟ್ 95 ಎಂದು ತೋರುತ್ತದೆ.